ಸಂಗಾತಿಯ ಕೆಲಸಕ್ಕಾಗಿ ಪುಟ್ಟ ಮಕ್ಕಳೊಂದಿಗೆ ಜರ್ಮನಿಗೆ: ವಾಟ್ಸ್ಯಾಪ್ ಸಲಹೆಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

"ಫ್ಲೈಟ್ ಹತ್ತೋ ಮುಂಚೆ ಮಗೂಗೆ ಅರ್ಧ ಚಮಚ ಫೆನರ್ಗಾನ್ ಹಾಕಿ, ಆರಾಮಾಗಿ ಮಲಗುತ್ತೆ." "ಆಂಟಿಬಯಾಟಿಕ್ ಇಲ್ಲಿಂದಲೇ ತುಂಬಿಕೊಂಡು ಹೋಗಿ, ಅಲ್ಲಿ ಡಾಕ್ಟ್ರು ಕೊಡಲ್ಲ." "ಮನೇಲಿ ಕನ್ನಡ ಬಿಟ್ಟುಬಿಡಿ, ಇಲ್ಲಾಂದ್ರೆ ಮಗು ಕನ್‌ಫ್ಯೂಸ್ ಆಗಿ ಮಾತೇ ಆಡಲ್ಲ." "ಕೈತುತ್ತು ಹಾಕಿದ್ರೆ ಅಲ್ಲಿ ಸರ್ಕಾರದವರು ಬಂದು ಮಗೂನ ಕಿತ್ಕೊಂಡು ಹೋಗ್ತಾರೆ."

ಗಂಡನಿಗೋ ಹೆಂಡತಿಗೋ ಹೊರದೇಶದಲ್ಲಿ ಕೆಲಸ ಸಿಕ್ಕಿದೆ ಎಂಬ ಸುದ್ದಿ ಫ್ಯಾಮಿಲಿ ಗ್ರೂಪಿಗೆ ಬಿದ್ದ ದಿನದಿಂದಲೇ ಇಂಥ ಮೆಸೇಜುಗಳು ಶುರುವಾಗುತ್ತವೆ. ಕಳಿಸುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಕೆಲವು ಸಲಹೆಗಳು ಮಗುವಿಗೆ ನೇರವಾಗಿ ಅಪಾಯ ತರುವಂಥವು, ಕೆಲವು ಅರ್ಧ ಸತ್ಯ, ಇನ್ನು ಕೆಲವು ಬೇರೆ ಯಾವುದೋ ದೇಶದ ನಿಯಮ.

'ವಿದೇಶ' ಎಂಬುದು ಒಂದೇ ದೇಶವಲ್ಲ. ಅಮೆರಿಕದ ವೀಸಾ ನಿಯಮ ಜರ್ಮನಿಗೆ ಅನ್ವಯಿಸುವುದಿಲ್ಲ, ದುಬೈನ ಹವೆ ಮ್ಯೂನಿಕ್‌ನಲ್ಲಿ ಇರುವುದಿಲ್ಲ. ಆದ್ದರಿಂದ ಈ ಲೇಖನಕ್ಕೆ ನಾವು ಜರ್ಮನಿಯೊಂದನ್ನೇ ಆರಿಸಿಕೊಂಡಿದ್ದೇವೆ. ಬೆಂಗಳೂರಿನಿಂದ ಎಂಜಿನಿಯರುಗಳು ಅಲ್ಲಿಗೆ ಹೋಗುತ್ತಿದ್ದಾರೆ, ನರ್ಸುಗಳೂ ಹೋಗುತ್ತಿದ್ದಾರೆ. ನರ್ಸ್ ಆದ ಹೆಂಡತಿ ಮೊದಲು ಹೋಗಿ, ಮಗುವನ್ನು ಎತ್ತಿಕೊಂಡು ಗಂಡ ಹಿಂದಿನಿಂದ ಹೋಗುವ ಮನೆಗಳೂ ಈಗ ಇವೆ.

ನಿದ್ದೆ ಬರಿಸುವ ಸಿರಪ್: ಬೇಡವೇ ಬೇಡ

ಬೆಂಗಳೂರಿನಿಂದ ಮ್ಯೂನಿಕ್‌ಗೋ ಫ್ರಾಂಕ್‌ಫರ್ಟ್‌ಗೋ ನೇರ ವಿಮಾನದಲ್ಲಿ ಒಂಬತ್ತು-ಹತ್ತು ಗಂಟೆಯ ಪ್ರಯಾಣ. ಅಷ್ಟು ಹೊತ್ತು ಮಗುವನ್ನು ಸುಧಾರಿಸುವುದು ಹೇಗೆ ಎಂಬ ಭಯ ಸಹಜ. ಆದರೆ ಫೆನರ್ಗಾನ್ ಎಂದು ನಾವು ಕರೆಯುವ ಪ್ರೊಮೆಥಜಿನ್ ಔಷಧಿ ಪುಟ್ಟ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು. 2 ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು ಎಂಬ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ಯಾಕೆಟ್ಟಿನ ಮೇಲೆಯೇ ಹಾಕಿಸಿದೆ. ಕೆಲವು ಮಕ್ಕಳಲ್ಲಿ ಪರಿಣಾಮ ಉಲ್ಟಾ ಹೊಡೆಯುತ್ತದೆ: ಮಲಗುವುದರ ಬದಲು ಮಗು ಕೆರಳಿ ಇಡೀ ರಾತ್ರಿ ಅಳುತ್ತದೆ.

"ಹಾಗಾದರೆ ನೆಗಡಿಯ ಸಿರಪ್ ಕೊಟ್ಟರಾಯಿತು" ಎನ್ನುವವರೂ ಇದ್ದಾರೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿಸಿದ ನೆಗಡಿ ಸಿರಪ್‌ಗಳನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಲೇಬಲ್ ಮೇಲೆ ಬರೆಯಬೇಕೆಂದು ನಮ್ಮ ದೇಶದ ಔಷಧ ನಿಯಂತ್ರಕರೇ 2023ರಲ್ಲಿ ಸೂಚಿಸಿದ್ದಾರೆ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಮಗುವಿಗೆ ಉಸಿರಾಟದ ತೊಂದರೆಯಾದರೆ ಯಾರನ್ನು ಕರೆಯುತ್ತೀರಿ?

ವಿಮಾನದಲ್ಲಿ ಮಕ್ಕಳು ಜೋರಾಗಿ ಅಳುವುದು ಹೆಚ್ಚಾಗಿ ಇಳಿಯುವ ಹೊತ್ತಿನಲ್ಲಿ. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ಮಕ್ಕಳಲ್ಲಿ ಇನ್ನೂ ಕಿರಿದು. ಒತ್ತಡ ಬದಲಾದಾಗ ಅದು ಬೇಗ ತೆರೆದುಕೊಳ್ಳುವುದಿಲ್ಲ, ಕಿವಿ ನೋಯುತ್ತದೆ. ನುಂಗಿದರೆ ತೆರೆಯುತ್ತದೆ. ಇಳಿಯಲು ಶುರುವಾದಾಗ ಮಗುವನ್ನು ಎಬ್ಬಿಸಿ ಎದೆಹಾಲು, ಬಾಟಲಿ ಅಥವಾ ನೀರು ಕೊಟ್ಟರೆ ಸಾಕು. ಸಿರಪ್ ಹಾಕಿ ಮಲಗಿಸಿದ ಮಗು ನುಂಗುವುದೂ ಇಲ್ಲ.

ಇನ್ನು ಜೆಟ್‌ಲ್ಯಾಗ್. ಜರ್ಮನಿ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಊರಲ್ಲಿ ರಾತ್ರಿ 9ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುವ ಮಗುವಿನ ದೇಹದ ಗಡಿಯಾರಕ್ಕೆ, ಚಳಿಗಾಲದ ಜರ್ಮನಿಯಲ್ಲಿ ಸಂಜೆ ನಾಲ್ಕೂವರೆಗೇ ರಾತ್ರಿ, ನಡುರಾತ್ರಿ ಎರಡೂವರೆಗೇ ಬೆಳಗು. ಮಗು ಹಟ ಮಾಡುತ್ತಿಲ್ಲ, ಅದರ ಲೆಕ್ಕ ಸರಿಯಾಗಿಯೇ ಇದೆ. ಈ ಗಡಿಯಾರವನ್ನು ತಿರುಗಿಸುವುದು ಬೆಳಕು. ಮಧ್ಯಾಹ್ನ ಹೊರಗೆ ಓಡಾಡಿಸಿ, ಸಂಜೆ ಮನೆಯ ದೀಪಗಳನ್ನೆಲ್ಲ ಹಾಕಿಡಿ, ಎರಡೂವರೆಗೆ ಎದ್ದರೆ ಕತ್ತಲಲ್ಲೇ ಜೊತೆಗೆ ಮಲಗಿ. ಆ ಹೊತ್ತಿನಲ್ಲಿ ಟಿವಿ ಹಾಕಿದರೆ ಕೆಲಸ ಕೆಟ್ಟಂತೆ. ಗಂಟೆಗೊಂದು ದಿನ ಎಂಬ ಲೆಕ್ಕದಲ್ಲಿ ನಾಲ್ಕೈದು ದಿನಕ್ಕೆ ಸರಿಹೋಗುತ್ತದೆ.

ತಾಯಿ ಕಾರ್ಡ್ ಮನೆಯಲ್ಲೇ ಬಿಟ್ಟು ಹೋಗಬೇಡಿ

"ಅಲ್ಲಿ ಎಲ್ಲಾ ಲಸಿಕೆ ಮತ್ತೆ ಹಾಕ್ತಾರೆ, ಇಲ್ಲಿಯ ಕಾರ್ಡಿಗೆ ಬೆಲೆ ಇಲ್ಲ" ಎಂಬುದು ತಪ್ಪು. ಜರ್ಮನಿಯಲ್ಲಿ ದಾಖಲೆ ಇರುವ ಲಸಿಕೆಗೆ ಪೂರ್ತಿ ಬೆಲೆ ಇದೆ. ದಾಖಲೆ ಇಲ್ಲದ್ದು ಮಾತ್ರ ಹಾಕಿಯೇ ಇಲ್ಲ ಎಂದು ಲೆಕ್ಕ. "ಹಾಕಿಸಿದ್ದೇವೆ ಸಾರ್, ನೆನಪಿದೆ" ಎಂದರೆ ನಡೆಯುವುದಿಲ್ಲ. ತಾಯಿ ಕಾರ್ಡೋ ಆಸ್ಪತ್ರೆಯ ಪುಸ್ತಕವೋ, ಯಾವುದಿದ್ದರೂ ತೆಗೆದುಕೊಂಡು ಹೋಗಿ. ಅದರ ಜೊತೆಗೆ ಮಕ್ಕಳ ಡಾಕ್ಟರಿಂದ ಲಸಿಕೆಯ ಹೆಸರು, ತಾರೀಖು, ಸಹಿ, ಸೀಲು ಇರುವ ಇಂಗ್ಲಿಷ್ ಪಟ್ಟಿಯೊಂದನ್ನು ಬರೆಸಿಕೊಳ್ಳಿ. ಫೋಟೊ ತೆಗೆದು ಫೋನಲ್ಲೂ ಇಟ್ಟುಕೊಳ್ಳಿ.

ಇದು ಬರೀ ಕಾಗದದ ಕೆಲಸವಲ್ಲ. ಅಲ್ಲಿ 2020ರ ಮಾರ್ಚ್ 1ರಿಂದ ದಡಾರ ತಡೆ ಕಾನೂನು ಜಾರಿಯಲ್ಲಿದೆ. 1 ವರ್ಷ ತುಂಬಿದ ಮಗುವಿಗೆ ದಡಾರ ಲಸಿಕೆಯ ಒಂದು ಡೋಸ್, 2 ವರ್ಷ ತುಂಬಿದರೆ ಎರಡು ಡೋಸ್ ಆದ ಪುರಾವೆ ಇಲ್ಲದಿದ್ದರೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವಂತಿಲ್ಲ.

ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 9-12 ತಿಂಗಳಿಗೆ ಒಮ್ಮೆ, 16-24 ತಿಂಗಳಿಗೆ ಇನ್ನೊಮ್ಮೆ ಎಂಆರ್ ಲಸಿಕೆ ಕೊಡುತ್ತಾರೆ. ಅದರಲ್ಲಿ ದಡಾರ, ರುಬೆಲ್ಲಾ ಎರಡೂ ಇವೆ, ಮಂಗನಬಾವು ಇಲ್ಲ. ನಮ್ಮಲ್ಲಿ 'ಅಮ್ಮ' ಎನ್ನುವ ಚಿಕನ್‌ಪಾಕ್ಸ್‌ಗೂ ಈ ಕಾರ್ಯಕ್ರಮದಲ್ಲಿ ಲಸಿಕೆ ಇಲ್ಲ. ಜರ್ಮನಿಯ ಪಟ್ಟಿಯಲ್ಲಿ ಇವೆರಡೂ ಇವೆ. ಹಾಗಾಗಿ ಅಲ್ಲಿಯ ಡಾಕ್ಟರು ಬಿಟ್ಟುಹೋದ ಲಸಿಕೆ ಹಾಕೋಣ ಎಂದರೆ ಅದನ್ನು 'ಎಲ್ಲಾ ಮತ್ತೆ ಹಾಕುತ್ತಿದ್ದಾರೆ' ಎಂದುಕೊಳ್ಳಬೇಡಿ. ಇನ್ನೊಂದು ಕಡೆ, ನಮ್ಮ ಮಕ್ಕಳ ಎಡತೋಳಿನ ಬಿಸಿಜಿ ಗುರುತು ಅಲ್ಲಿಯ ಮಕ್ಕಳಿಗೆ ಇರುವುದಿಲ್ಲ. ಜರ್ಮನಿ 1998ರಿಂದ ಈ ಲಸಿಕೆಯನ್ನು ಶಿಫಾರಸು ಮಾಡುತ್ತಿಲ್ಲ. ಬಿಸಿಜಿ ಹಾಕಿಸಿಕೊಂಡ ಮಗುವಿಗೆ ಚರ್ಮದ ಮೇಲೆ ಟಿಬಿ ಪರೀಕ್ಷೆ ಮಾಡಿದರೆ ಸುಮ್ಮನೆ ಊದಿಕೊಳ್ಳಬಹುದು. ಅದನ್ನು ಮೊದಲೇ ಹೇಳಿದರೆ ಅನಗತ್ಯ ಗಾಬರಿ ತಪ್ಪುತ್ತದೆ.

ಆಂಟಿಬಯಾಟಿಕ್ ತುಂಬಿಕೊಂಡು ಹೋಗಬೇಕೇ?

"ಅಲ್ಲಿ ಜ್ವರಕ್ಕೆ ಚಹಾ ಕುಡಿಸಿ ಅಂತಾರಂತೆ" ಎಂಬ ನಗೆಚಾಟಿಕೆಯಲ್ಲಿ ಒಂದಿಷ್ಟು ನಿಜವಿದೆ. ಮಕ್ಕಳ ನೆಗಡಿ, ಕೆಮ್ಮು, ಜ್ವರಗಳಲ್ಲಿ ಬಹುಪಾಲು ವೈರಸ್‌ನಿಂದ ಬರುವಂಥವು. ವೈರಸ್ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಆದ್ದರಿಂದ ಅಲ್ಲಿಯ ಡಾಕ್ಟರು ಬೇಗನೆ ಬರೆದುಕೊಡುವುದಿಲ್ಲ, ಚೀಟಿ ಇಲ್ಲದೆ ಔಷಧಿ ಅಂಗಡಿಯವರು ಕೊಡುವುದೂ ಇಲ್ಲ. ನಮ್ಮ ದೇಶದ ಕಾನೂನೂ ಚೀಟಿ ಬೇಕು ಅಂತಲೇ ಹೇಳುತ್ತದೆ, ಅಂಗಡಿಯಲ್ಲಿ ಪಾಲನೆ ಆಗುವುದಿಲ್ಲ ಅಷ್ಟೆ.

ಶಿಶುವಿಹಾರ ಸೇರಿದ ಮೊದಲ ಚಳಿಗಾಲದಲ್ಲಿ ಮಗುವಿಗೆ ಮೇಲಿಂದ ಮೇಲೆ ನೆಗಡಿ ಆಗುತ್ತದೆ. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಯಾವ ದೇಶದಲ್ಲೂ ಮಾಮೂಲು, ಗುಂಪಿನಲ್ಲಿ ಹೊಸದಾಗಿ ಸೇರಿದವರಿಗೆ ಇನ್ನೂ ಹೆಚ್ಚು. "ಇಲ್ಲಿಯ ಹವಾ ಮಗೂಗೆ ಆಗಿಬರಲ್ಲ" ಎಂದು ಆ ತಿಂಗಳುಗಳಲ್ಲೇ ಎಷ್ಟೋ ಮನೆಗಳಲ್ಲಿ ಜಗಳ ಆಗುತ್ತದೆ. ಚಳಿ ವೈರಸ್ ಅನ್ನು ಹುಟ್ಟಿಸುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಲ್ಲ ಮಕ್ಕಳೂ ಒಟ್ಟಿಗಿರುವುದರಿಂದ ಅದು ಬೇಗ ಹರಡುತ್ತದೆ.

ಕೊಂಡುಹೋಗಲೇಬೇಕು ಎನಿಸಿದರೆ ಮಗು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿಯನ್ನು, ಡಾಕ್ಟರ ಚೀಟಿಯ ಸಮೇತ ಒಯ್ಯಿರಿ. ಪ್ಯಾರಾಸಿಟಮಾಲ್ ಸಿರಪ್ ಒಯ್ಯುವವರಿಗೆ ಒಂದು ಮುಖ್ಯ ಮಾತು: ನಮ್ಮಲ್ಲಿ 5 ಮಿಲಿಗೆ 120 ಅಥವಾ 125 ಮಿಗ್ರಾಂ ಇರುವ ಬಾಟಲಿಯೂ ಇದೆ, 250 ಮಿಗ್ರಾಂ ಇರುವುದೂ ಇದೆ. ಜರ್ಮನಿಯಲ್ಲಿ ಸಿಗುವುದರ ಪ್ರಮಾಣ ಮತ್ತೆ ಬೇರೆ. "ಊರಲ್ಲಿ ಐದು ಎಂಎಲ್ ಕೊಡ್ತಿದ್ವಿ" ಎಂಬ ಲೆಕ್ಕವನ್ನು ಹೊಸ ಬಾಟಲಿಗೆ ಹಾಕಬೇಡಿ. ಡೋಸ್ ನಿರ್ಧಾರವಾಗುವುದು ಮಗುವಿನ ತೂಕದ ಮೇಲೆ.

ತುರ್ತಿಗೆ 112. ರಾತ್ರಿ ಅಥವಾ ರಜಾದಿನ ಡಾಕ್ಟರು ಬೇಕು, ಆದರೆ ಪ್ರಾಣಾಪಾಯ ಇಲ್ಲ ಎಂದಾದರೆ 116117.

ಬಿಸಿಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಜರ್ಮನಿಯ ಬಿಸಿಲಿನಲ್ಲಿ ಚರ್ಮಕ್ಕೆ ವಿಟಮಿನ್ ಡಿ ತಯಾರಿಸಲು ಬೇಕಾದಷ್ಟು ಕಿರಣವೇ ಇರುವುದಿಲ್ಲ, ಕಪ್ಪು ಚರ್ಮಕ್ಕಂತೂ ಇನ್ನೂ ಸಾಲದು. "ಬೆಳಿಗ್ಗೆ ಹತ್ತು ನಿಮಿಷ ಬಿಸಿಲಿಗೆ ಹಿಡಿಯಿರಿ" ಎಂಬ ಅಜ್ಜಿಯ ಮಾತು ಮೈಸೂರಿಗೆ ಸರಿ, ಡಿಸೆಂಬರ್‌ನ ಮ್ಯೂನಿಕ್‌ಗೆ ಅಲ್ಲ. ಅಲ್ಲಿ ಹಸುಗೂಸುಗಳಿಗೆಲ್ಲ ದಿನಕ್ಕೆ 400-500 ಐಯು ವಿಟಮಿನ್ ಡಿ ಕೊಡುವುದು ಸಾಮಾನ್ಯ ಪದ್ಧತಿ. ದೊಡ್ಡ ಮಕ್ಕಳಿಗೆ ಬೇಕೇ ಎಂದು ಡಾಕ್ಟರನ್ನು ಕೇಳಿ. ಹೆಚ್ಚು ಹಾಕಿದರೆ ಅದೂ ವಿಷವೇ.

"ಕೈತುತ್ತು ಹಾಕಿದ್ರೆ ಮಗೂನ ಕಿತ್ಕೊಳ್ತಾರೆ"

ಈ ಭಯಕ್ಕೆ ಹಿನ್ನೆಲೆ ಇದೆ. ನಾರ್ವೆಯಲ್ಲಿ ಒಂದು ಭಾರತೀಯ ಕುಟುಂಬದ ಮಕ್ಕಳನ್ನು ಸರ್ಕಾರ ತನ್ನ ಸುಪರ್ದಿಗೆ ತೆಗೆದುಕೊಂಡಿತ್ತು. ಅದನ್ನು ಆಧರಿಸಿ 2023ರಲ್ಲಿ 'ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ' ಎಂಬ ಹಿಂದಿ ಸಿನಿಮಾ ಬಂತು. ಅದರ ತುಣುಕುಗಳು ಈಗ ಯುರೋಪಿನ ಎಲ್ಲ ದೇಶಗಳ ಹೆಸರಿನಲ್ಲೂ ಓಡಾಡುತ್ತಿವೆ.

ಜರ್ಮನಿಯಲ್ಲಿ ಮಗುವಿಗೆ ಕೈಯಲ್ಲಿ ಉಣ್ಣಿಸುವುದು, ಜೊತೆಗೆ ಮಲಗಿಸಿಕೊಳ್ಳುವುದು, ಹಣೆಗೆ ಕಪ್ಪು ಬೊಟ್ಟು ಇಡುವುದು ಯಾವುದೂ ಅಪರಾಧವಲ್ಲ. ಹೊಡೆಯುವುದು ಮಾತ್ರ ಕಾನೂನಿಗೆ ವಿರುದ್ಧ. ಹಿಂಸೆಯಿಲ್ಲದೆ ಬೆಳೆಯುವುದು ಮಗುವಿನ ಹಕ್ಕು ಎಂದು 2000ನೇ ಇಸವಿಯಲ್ಲೇ ಅಲ್ಲಿ ಕಾನೂನು ಬಂದಿದೆ. "ಒಂದೇಟು ಹಾಕದೆ ಮಕ್ಕಳು ಬೆಳೀತವಾ" ಎನ್ನುವ ರೂಢಿಯನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು. ಊರಲ್ಲೇ ಬಿಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು. ಮಗುವಿಗೆ ತುರ್ತು ಅಪಾಯವಿದೆ ಎನಿಸಿದರೆ ಅಲ್ಲಿಯ ಮಕ್ಕಳ ಕಲ್ಯಾಣ ಕಚೇರಿ ಮಗುವನ್ನು ತಾತ್ಕಾಲಿಕವಾಗಿ ಕರೆದೊಯ್ಯಬಹುದು. ತಂದೆತಾಯಿ ಒಪ್ಪದಿದ್ದರೆ ವಿಷಯ ತಡವಿಲ್ಲದೆ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಬೇಕು.

ಒಂದು ಕಡೆ ನಿಜವಾಗಿಯೂ ಎಚ್ಚರ ಬೇಕು. ನಮ್ಮ ಎಷ್ಟೋ ಕೂಸುಗಳ ಸೊಂಟ, ಕುಂಡಿಯ ಮೇಲೆ ಹುಟ್ಟಿನಿಂದಲೇ ನೀಲಿ-ಬೂದು ಬಣ್ಣದ ಮಚ್ಚೆ ಇರುತ್ತದೆ. ವೈದ್ಯರು ಇದನ್ನು ಮಂಗೋಲಿಯನ್ ಸ್ಪಾಟ್ ಎನ್ನುತ್ತಿದ್ದರು. ನೋವಿಲ್ಲ, ಕಾಯಿಲೆಯಲ್ಲ, ಬೆಳೆಯುತ್ತ ಮಾಸುತ್ತದೆ. ಬಿಳಿ ಚರ್ಮದ ಮಕ್ಕಳಲ್ಲಿ ಇದು ಅಪರೂಪ. ಹಾಗಾಗಿ ಡಯಾಪರ್ ಬದಲಿಸುವ ಶಿಕ್ಷಕಿಗೆ ಇದು ಪೆಟ್ಟಿನ ಗುರುತಿನಂತೆ ಕಾಣಬಹುದು. ಜರ್ಮನಿಯಲ್ಲಿ ಪ್ರತಿ ಮಗುವಿಗೂ ಹುಟ್ಟಿನಿಂದ ಸುಮಾರು 5 ವರ್ಷದವರೆಗೆ ನಿಗದಿತ ತಪಾಸಣೆಗಳಿದ್ದು, ಹಳದಿ ಪುಸ್ತಕವೊಂದರಲ್ಲಿ ದಾಖಲಿಸುತ್ತಾರೆ. ಮೊದಲ ಭೇಟಿಯಲ್ಲೇ ಈ ಮಚ್ಚೆಯನ್ನು ಡಾಕ್ಟರಿಗೆ ತೋರಿಸಿ ಅದರಲ್ಲಿ ಬರೆಸಿಬಿಡಿ. ಫಾರ್ವರ್ಡ್ ಮಾಡುವುದಿದ್ದರೆ ಈ ಸಂಗತಿಯನ್ನು ಮಾಡಿ.

ಮನೆಯಲ್ಲಿ ಕನ್ನಡ ಬಿಟ್ಟರೆ ಜರ್ಮನ್ ಬೇಗ ಬರುತ್ತದೆಯೇ?

ನಾವು ನೋಡಿದ ಸಲಹೆಗಳಲ್ಲಿ ಅತಿ ಹೆಚ್ಚು ನಷ್ಟ ಮಾಡುವುದು ಇದು. ಸಿರಪ್‌ನ ಅಪಾಯ ಒಂದು ರಾತ್ರಿಯದು. ಬಿಟ್ಟ ಭಾಷೆ ಮಾತ್ರ ಹತ್ತು ವರ್ಷದ ಮೇಲೆ ಅಜ್ಜಿ-ಮೊಮ್ಮಗಳ ನಡುವೆ ಮಾತಿಲ್ಲದಂತೆ ಮಾಡುತ್ತದೆ.

ಎರಡು ಭಾಷೆ ಕಲಿತರೆ ಮಗುವಿನ ತಲೆ ಗೊಂದಲವಾಗುತ್ತದೆ ಎಂದು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಪಾಶ್ಚಾತ್ಯ ವಿದ್ವಾಂಸರೂ ನಂಬಿದ್ದರು. 1962ರಲ್ಲಿ ಕೆನಡಾದ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಮಾಂಟ್ರಿಯಲ್‌ನ 10 ವರ್ಷದ ಮಕ್ಕಳನ್ನು ಅಧ್ಯಯನ ಮಾಡಿದಾಗ, ಎರಡು ಭಾಷೆಯ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಇರಲಿಲ್ಲ. ಅನೇಕ ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರು. ಆಮೇಲಿನ ಸಂಶೋಧನೆಗಳೂ ಹೇಳುವುದು ಇಷ್ಟು: ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ, ಆಟಿಸಂ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಇದಕ್ಕೆ ಮಾಂಟ್ರಿಯಲ್‌ವರೆಗೆ ಹೋಗಬೇಕಾಗಿಯೂ ಇಲ್ಲ. ಮಂಗಳೂರಿನಲ್ಲಿ ಮನೆಯೊಳಗೆ ತುಳುವೋ ಕೊಂಕಣಿಯೋ ಬ್ಯಾರಿಯೋ, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಟಿವಿಯಲ್ಲಿ ಹಿಂದಿ ಕೇಳಿ ಬೆಳೆದ ಮಕ್ಕಳು ಯಾರೂ ಮೂಕರಾಗಿಲ್ಲ.

ಮತ್ತೆ ಗೊಂದಲ ಎಲ್ಲಿಂದ ಬಂತು? ಮೂರು ಸಂಗತಿಗಳನ್ನು ಜನ ತಪ್ಪಾಗಿ ಓದುತ್ತಾರೆ. ಎರಡು ಭಾಷೆಯ ಮಗುವಿನ ಪದಗಳನ್ನು ಒಂದೇ ಭಾಷೆಯಲ್ಲಿ ಎಣಿಸಿದರೆ ಕಡಿಮೆ ಕಾಣುತ್ತವೆ. ಕನ್ನಡದ್ದು, ಜರ್ಮನ್‌ನದ್ದು ಎರಡೂ ಸೇರಿಸಿ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ಮಗು ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಬೆರೆಸುತ್ತದೆ. ಅದು ಗೊಂದಲವಲ್ಲ, ಕೈಗೆ ಸಿಕ್ಕ ಪದ ಬಳಸುವ ಜಾಣತನ. 'ಬಸ್ ಮಿಸ್ ಆಯ್ತು' ಎನ್ನುವ ನಾವೂ ಅದನ್ನೇ ಮಾಡುತ್ತೇವೆ. ಇನ್ನು, ಹೊಸ ಭಾಷೆಯ ಶಿಶುವಿಹಾರಕ್ಕೆ ಹೋದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಅಲ್ಲಿ ಬಾಯಿ ಬಿಡುವುದೇ ಇಲ್ಲ. ಅಷ್ಟು ದಿನವೂ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಹೊಸ ಭಾಷೆ ಕಲಿಯುವ ಎಷ್ಟೋ ಮಕ್ಕಳಲ್ಲಿ ಈ ಮೌನದ ಅವಧಿ ಕಾಣುತ್ತದೆ. ಮನೆಗೆ ಬಂದು ಕನ್ನಡದಲ್ಲಿ ಹರಟೆ ಹೊಡೆಯುತ್ತಿದ್ದರೆ ಚಿಂತೆ ಬೇಡ.

ಈ ಮೌನದ ತಿಂಗಳುಗಳಲ್ಲೇ ತಂದೆತಾಯಿ ಹೆದರಿ ಕನ್ನಡ ನಿಲ್ಲಿಸುವುದು. ಆಗ ತಾವೇ ಅರೆಬರೆ ಕಲಿತ ಜರ್ಮನ್‌ನಲ್ಲಿ ಮಗುವಿನೊಂದಿಗೆ ಮಾತಾಡುತ್ತಾರೆ. ಶಿಕ್ಷಕಿಯರಿಂದ, ಜೊತೆ ಮಕ್ಕಳಿಂದ ಒಳ್ಳೆಯ ಜರ್ಮನ್ ಹೇಗೂ ಸಿಗುತ್ತದೆ. ಕಥೆ ಹೇಳುವ, ಸಮಾಧಾನ ಮಾಡುವ, ಗದರಿಸುವ, ತಮಾಷೆ ಮಾಡುವ ಪೂರ್ತಿ ಭಾಷೆ ನಿಮ್ಮಲ್ಲಿ ಇರುವುದು ಕನ್ನಡದಲ್ಲಿ. ಅದನ್ನೇ ಕೊಡಿ. ಅಜ್ಜಿ-ತಾತನ ವಿಡಿಯೊ ಕಾಲ್ ನಿಲ್ಲಿಸಬೇಡಿ. ಪುಟ್ಟ ಮಕ್ಕಳಿಗೆ ಸ್ಕ್ರೀನ್ ಬೇಡ ಎನ್ನುವ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ವಿಡಿಯೊ ಕಾಲ್‌ಗೆ ವಿನಾಯಿತಿ ಕೊಟ್ಟಿದೆ. ಮಗು ಜರ್ಮನ್‌ನಲ್ಲಿ ಉತ್ತರಿಸಿದರೂ ನೀವು ಕನ್ನಡದಲ್ಲೇ ಮುಂದುವರಿಸಿ, ಬೈಯಬೇಡಿ.

ಆದರೆ ಎರಡು ಭಾಷೆಯನ್ನು ನೆಪ ಮಾಡಿಕೊಂಡು ನಿಜವಾದ ತೊಂದರೆಯನ್ನು ಮುಂದೂಡಲೂಬಾರದು. 16 ತಿಂಗಳಾದರೂ ಯಾವ ಭಾಷೆಯಲ್ಲೂ ಒಂದು ಪದವಿಲ್ಲ, 2 ವರ್ಷಕ್ಕೆ ಎರಡು ಪದ ಜೋಡಿಸುತ್ತಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬಂದ ಮಾತು ಹೋಗಿಬಿಟ್ಟಿದೆ: ಇವುಗಳಲ್ಲಿ ಯಾವುದಿದ್ದರೂ ಡಾಕ್ಟರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ.

"ಚಿಕ್ಕ ಮಕ್ಕಳಿಗೆ ಏನು ಗೊತ್ತಾಗುತ್ತೆ, ವಾರದಲ್ಲಿ ಹೊಂದ್ಕೊಳ್ತಾವೆ"

ಗೊತ್ತಾಗುತ್ತದೆ. ಅಜ್ಜಿಯ ಮಡಿಲು, ಎದುರು ಮನೆಯ ಆಂಟಿ, ಬೀದಿ ನಾಯಿ ಎಲ್ಲ ಒಂದೇ ದಿನ ಮಾಯವಾದರೆ ಮಗು ಬಿಟ್ಟಿದ್ದ ಬಾಟಲಿಯನ್ನು ಮತ್ತೆ ಕೇಳಬಹುದು, ಹಾಸಿಗೆ ಒದ್ದೆ ಮಾಡಬಹುದು, ಅಮ್ಮನ ಸೆರಗು ಬಿಡದಿರಬಹುದು. ಇವು ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಹಳೆಯ ಹೊದಿಕೆ, ದಿನವೂ ಓದುವ ಪುಸ್ತಕ, ಮಲಗುವ ಮುಂಚಿನ ಅದೇ ಹಾಡು ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಗಿಂತ ಮುಖ್ಯ.

ಜರ್ಮನಿಯ ಶಿಶುವಿಹಾರಕ್ಕೆ ಕಿಟಾ ಎನ್ನುತ್ತಾರೆ (ನಮ್ಮ ಕೀಟಕ್ಕೂ ಅದಕ್ಕೂ ಸಂಬಂಧವಿಲ್ಲ). ಅಲ್ಲಿ ನಮ್ಮಂತೆ ಮೊದಲ ದಿನವೇ ಅಳುವ ಮಗುವನ್ನು ಗೇಟಿನಲ್ಲಿ ಬಿಟ್ಟು ಓಡಿಬರುವಂತಿಲ್ಲ. ಬಹಳ ಕಡೆ ಅನುಸರಿಸುವ 'ಬರ್ಲಿನ್ ಮಾದರಿ'ಯಲ್ಲಿ ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನೊಂದಿಗೆ ಕೋಣೆಯಲ್ಲೇ ಕೂರಬೇಕು. ನಾಲ್ಕನೇ ದಿನ ಮೊದಲ ಸಲ ಕೆಲವೇ ನಿಮಿಷ ಹೊರಗೆ ಹೋಗಿ ನೋಡುತ್ತಾರೆ. ಹೀಗೆ ಪೂರ್ತಿ ಹೊಂದಿಕೊಳ್ಳಲು ವಾರಗಳೇ ಹಿಡಿಯುತ್ತವೆ. ಹೊಸ ಕೆಲಸ ಸೇರಿದವರಿಗೆ ಅಷ್ಟು ರಜೆ ಸಿಗುವುದು ಕಷ್ಟ, ಆದ್ದರಿಂದ ಈ ಜವಾಬ್ದಾರಿ ಇನ್ನೊಬ್ಬರದಾಗುತ್ತದೆ. 1 ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಸಿಗಬೇಕೆಂಬ ಕಾನೂನು 2013ರ ಆಗಸ್ಟ್‌ನಿಂದ ಇದೆ. ಆದರೂ ದೊಡ್ಡ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಮನೆಯ ವಿಳಾಸ ಸಿಕ್ಕ ಕೂಡಲೇ ಅರ್ಜಿ ಹಾಕಿ.

ಆ ಇನ್ನೊಬ್ಬರ ಗತಿ?

"ಗಂಡನ ವೀಸಾದಲ್ಲಿ ಹೋದ ಹೆಂಡತಿ ಕೆಲಸ ಮಾಡುವಂತಿಲ್ಲ" ಎಂಬುದು ಅಮೆರಿಕದ ಎಚ್-4 ವೀಸಾದ ಕಥೆ. ಅಲ್ಲಿಯೂ 2015ರಿಂದ ಕೆಲವರಿಗೆ ಅನುಮತಿ ಇದೆ. ಜರ್ಮನಿಯಲ್ಲಿ ಕುಟುಂಬ ಸೇರಲು ಬಂದ ಸಂಗಾತಿಗೆ ನಿವಾಸ ಪರವಾನಗಿಯ ಜೊತೆಗೇ ಕೆಲಸ ಮಾಡುವ ಹಕ್ಕು ಇರುತ್ತದೆ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ವೀಸಾಕ್ಕೆ ಮುಂಚೆ ಜರ್ಮನ್ ಪರೀಕ್ಷೆಯೂ ಕಡ್ಡಾಯವಲ್ಲ. ಆದರೆ ಹಕ್ಕು ಇದ್ದಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಕಿಟಾದಲ್ಲಿ ಜಾಗವಿಲ್ಲದಿದ್ದರೆ ಕಲಿಯಲು ಸಮಯವಿಲ್ಲ, ಭಾಷೆ ಬಾರದಿದ್ದರೆ ಕೆಲಸವಿಲ್ಲ. ಹೀಗೆ ಸುತ್ತಿಕೊಂಡು ಎರಡು ಚಳಿಗಾಲ ಕಳೆಯುತ್ತದೆ. ಊರಲ್ಲಿ ಕೆಲಸದಲ್ಲಿದ್ದವರು, ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಿನಲ್ಲಿ ದಿನವಿಡೀ ಮಗುವಿನ ಹೊರತು ಯಾರೊಂದಿಗೂ ಮಾತಿಲ್ಲದೆ ಇರುವುದನ್ನು 'ಆರಾಮಾಗಿ ಮನೇಲಿದ್ದಾರೆ' ಎನ್ನುವುದು ಅನ್ಯಾಯ. ಎರಡು ವಾರಕ್ಕೂ ಮೀರಿ ಬೇಸರ, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲ ಎಂದಾದರೆ ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರಿಗೆ ಹೇಳಬೇಕು. ಮನೆಯಲ್ಲಿರುವ ದೊಡ್ಡವರು ಕುಗ್ಗಿದರೆ ಮಗುವೂ ಕುಗ್ಗುತ್ತದೆ.

ಆದ್ದರಿಂದ ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆಯೇ ಇಬ್ಬರೂ ಕೂತು ಕೆಲವನ್ನು ಬಗೆಹರಿಸಿಕೊಳ್ಳಿ. ಆರೋಗ್ಯ ವಿಮೆ ಒಂದು. ಸಾರ್ವಜನಿಕ ವಿಮೆ ತೆಗೆದುಕೊಂಡರೆ ದುಡಿಯದ ಸಂಗಾತಿ ಮತ್ತು ಮಕ್ಕಳಿಗೆ ಪ್ರತ್ಯೇಕ ಕಂತು ಇಲ್ಲ. ಹೆಚ್ಚು ಸಂಬಳದವರಿಗೆ ಅಗ್ಗವೆಂದು ತೋರಿಸುವ ಖಾಸಗಿ ವಿಮೆಯಲ್ಲಿ ತಲೆಗೊಂದು ಕಂತು, ಮೇಲಾಗಿ ಸಾರ್ವಜನಿಕ ವಿಮೆಗೆ ಮರಳುವುದು ಕಷ್ಟ. ಇನ್ನೊಂದು, ಹಿಂದಿನಿಂದ ಬರುವವರ ಜರ್ಮನ್ ತರಗತಿ. ಬೆಂಗಳೂರಿನ ಗೋಯೆಥೆ ಸಂಸ್ಥೆಯಲ್ಲಿ ಇಲ್ಲಿದ್ದಾಗಲೇ ಶುರು ಮಾಡಬಹುದು. ಅಲ್ಲಿ ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಇದೆ: ಸಾಮಾನ್ಯವಾಗಿ 600 ಪಾಠದ ಅವಧಿ ಭಾಷೆ, 100 ಅವಧಿ ದೇಶದ ಪರಿಚಯ. ಆ ಹೊತ್ತಿನಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ವಾರದ ಯಾವ ಸಂಜೆಗಳು ಕೆಲಸಕ್ಕೆ ಹೋಗುವವರ ಪಾಲಿಗೆ ಎಂಬುದನ್ನು ಟಿಕೆಟ್ ಬುಕ್ ಮಾಡುವ ಮುಂಚೆ ಬರೆದಿಟ್ಟುಕೊಳ್ಳಿ.